ಗಿರಣಿಯಿಲ್ಲದ ಗಿರಣಿ ಸ್ಟಾಪು

ಸ್ವಂತ ಚಪ್ಪಲಿಯನ್ನು ಜೋಡಿಸಿಡುವ ಅಭ್ಯಾಸ ನನಗಿಲ್ಲ. ಆದರೆ ಕಂಡವರ ವಸ್ತು ಚೆಲ್ಲಾಪಿಲ್ಲಿಯಾಗಿದ್ದರೆ ಜೀವ ತಡೆಯುವುದಿಲ್ಲ. ಮದುವೆಮನೆಯಲ್ಲಿ ಪಕ್ಕದವರ ಎಲೆಯನ್ನೂ ನೇರ ಮಾಡಿಯೇ ಊಟಕ್ಕೆ ಕೂರುತ್ತೇನೆ. ಈ ಚಟದಿಂದಾಗಿ ಒಮ್ಮೆ ಹೆಣ್ಣು ಕೊಟ್ಟ ಮಾವನನ್ನೇ ಕಳೆದುಕೊಳ್ಳುವುದರಲ್ಲಿದ್ದೆ.

ಆಗಿನ್ನೂ ಮನೆಗೆ ಬ್ರಾಡ್‌ಬ್ಯಾಂಡ್ ಹೊಸತು. ಕಂಪ್ಯೂಟರಿನಲ್ಲಿ ಒಂದು ಭೂಪಟವಿತ್ತು. ಬಸ್‌ಸ್ಟಾಪು, ದರ್ಶಿನಿ ಏನನ್ನು ಬೇಕಾದರೂ ಯಾರು ಬೇಕಾದರೂ ಅದರಲ್ಲಿ ಗುರುತಿಸಿ, ಟ್ಯಾಗ್ ಎಂಬ ಹಣೆಪಟ್ಟಿ ಅಂಟಿಸಬಹುದು. ಊರಿಗೆ ಹೊಸಬರಾದವರಿಗೆ ದಾರಿ ತೋರಿಸೋಣವೆಂದು ನಮ್ಮ ಕಡೆಯ ಹತ್ತಾರು ಮಂದಿ ಗುಂಪು ಕಟ್ಟಿಕೊಂಡಿದ್ದೆವು. ಜನ ಅಂಟಿಸುತ್ತಿದ್ದ ಟ್ಯಾಗ್‌ಗಳನ್ನು ನೋಡಬೇಕಿತ್ತು. ಕಾಮಾಕ್ಷಿಪಾಳ್ಯದ ಒಂದು ಸ್ಟಾಪಿಗೆ ‘ಸೀಟು ಸಿಗಲ್ಲ’, ಆರ್‌ಪಿಸಿ ಲೇಔಟಿನ ಒಂದು ತಿರುವಿಗೆ ‘ಕಪ್ಪು ನಾಯಿ, ಓಡಬೇಡಿ’. ಯಾರೂ ಕೇಳದಿದ್ದರೂ ಇವನ್ನೆಲ್ಲ ಒಪ್ಪ ಮಾಡಲು ನಾನೇ ನಿಂತೆ. ನಾಯಿಯನ್ನು ಮಾತ್ರ ಉಳಿಸಿದೆ, ಅದು ನನ್ನನ್ನೂ ಅಟ್ಟಿಸಿಕೊಂಡು ಬಂದಿತ್ತು.

ಕೊನೆಗೆ ಬಸವೇಶ್ವರನಗರದ ನಮ್ಮದೇ ಸ್ಟಾಪಿಗೆ ಬಂದೆ. ‘ಗಿರಣಿ ಸ್ಟಾಪ್’ ಎಂದು ಯಾರೋ ಅಂಟಿಸಿದ್ದರು. ಹಿಟ್ಟಿನ ಗಿರಣಿ ಮುಚ್ಚಿ, ಅಲ್ಲಿ ಮೊಬೈಲ್ ಅಂಗಡಿ ತೆರೆದಾಗಿತ್ತು. ಅದನ್ನು ಅಳಿಸಿ ‘ಮೂರನೇ ಹಂತ, ನಾಲ್ಕನೇ ಬ್ಲಾಕ್’ ಎಂದು ಬರೆದೆ. ಗುಂಪಿನಲ್ಲಿದ್ದ ಟೀಚರೊಬ್ಬರು ಫೋನ್ ಮಾಡಿ, “ಎಲ್ರೂ ಗಿರಣಿ ಅಂತಾನೇ ಟಿಕೆಟ್ ತಗೊಳ್ಳೋದು ಸಾರ್, ಇರ್ಲಿ ಬಿಡಿ” ಎಂದರು. “ಇಲ್ದೇ ಇರೋದನ್ನ ಮ್ಯಾಪಲ್ಲಿ ಹಾಕ್ಬಾರ್ದು ಮೇಡಂ” ಎಂದು ಆ ಟೀಚರಿಗೇ ಪಾಠ ಹೇಳಿದೆ.

ಮರುವಾರ ದಾವಣಗೆರೆಯಿಂದ ಮಾವನವರು ಒಬ್ಬರೇ ಹೊರಟರು. ಎಪ್ಪತ್ತು ದಾಟಿದವರು, ಮೊಬೈಲ್ ಇಲ್ಲ. “ಮೆಜೆಸ್ಟಿಕ್ಕಿಗೆ ಹೋಗಿ ಕರ್ಕೊಂಡ್ ಬನ್ರೀ” ಎಂದಳು ಹೆಂಡತಿ. “ಮ್ಯಾಪ್ ಪ್ರಿಂಟ್ ತೆಗ್ದು ಪೋಸ್ಟ್ ಮಾಡಿದೀನಲ್ಲ, ಮಗು ಕೂಡ ಬರತ್ತೆ” ಎಂದೆ.

ನಾಲ್ಕಕ್ಕೆ ಬರಬೇಕಾದವರು ಐದೂವರೆಯಾದರೂ ಇಲ್ಲ. ಅದುವರೆಗೆ ಬೈಯುತ್ತಿದ್ದ ಹೆಂಡತಿ ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿದಳು. ನನಗೆ ನಿಜವಾಗಿ ಹೆದರಿಕೆಯಾದದ್ದು ಆಗಲೇ. ಸ್ಟಾಪಿಗೆ ಓಡಿ, ಬಂದ ಬಸ್ಸುಗಳೊಳಗೆಲ್ಲ ಇಣುಕಿದೆ. ಮುಂದಿನ ಸ್ಟಾಪಿನವರೆಗೂ ನಡೆದು, ಕಂಡಕಂಡ ಅಂಗಡಿಯವರನ್ನು ವಿಚಾರಿಸಿ, ಬರಿಗೈಲಿ ವಾಪಸು ಬಂದೆ. ಇಷ್ಟು ದೊಡ್ಡ ಊರಿನಲ್ಲಿ ಆ ಮುದಿಜೀವ ಎಲ್ಲಿ ಅಲೆಯುತ್ತಿದೆಯೋ ಎಂದುಕೊಳ್ಳುತ್ತ ಮತ್ತೆ ಬಸ್ಸುಗಳ ದಾರಿ ನೋಡತೊಡಗಿದೆ. ಅಷ್ಟರಲ್ಲಿ ಮೊಬೈಲು ಹೊಡೆದುಕೊಂಡಿತು.

“ಅಪ್ಪ ಬಂದ್ರು ಕಣ್ರೀ. ಚೆನ್ನಾಗಿದಾರೆ, ಮಂಡಕ್ಕಿ ತಿಂತಾ ಇದಾರೆ.”

ಮೊಬೈಲ್ ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕೂತೆ. ಹೋದ ಜೀವ ಬಂದಂತಾಯಿತು. ದೇವರಿಗೆ ಕೈ ಮುಗಿದೆ, ಮಾವನಿಗೂ ಮುಗಿದೆ.

“ನಿಮ್ಮ ಕಾಗದ ಓದಿ ಹೇಳಿದ್ರೆ ಕಂಡಕ್ಟರು, ‘ಹಂತ ಬ್ಲಾಕು ಎಲ್ಲಾ ನಂಗೊತ್ತಿಲ್ಲ ತಾತ, ಸ್ಟಾಪ್ ಹೆಸ್ರು ಹೇಳಿ’ ಅಂದ್ನಂತೆ. ಕೊನೇ ಸ್ಟಾಪ್‌ವರ್ಗೂ ಹೋಗ್ಬಿಟ್ಟಿದಾರೆ. ಅಲ್ಲಿ ಅಪ್ಪಂಗೆ, ಹೋದ್ಸಲ ಬಂದಾಗ ಜೋಳ ಬೀಸಿಸಿದ್ದು ನೆನಪಾಗಿ, ‘ಅಲ್ಲೊಂದು ಗಿರಣಿ ಐತಲ್ಲಪ್ಪಾ’ ಅಂದ್ರಂತೆ. ಅದೇ ಬಸ್ಸಲ್ಲಿ ವಾಪಸ್ ಕರ್ಕೊಂಡ್ ಬಂದು, ಕೈ ಹಿಡ್ದು ಇಳಿಸಿ ಹೋದ್ನಂತೆ.” ಅವಳು ಉಸಿರು ತೆಗೆದುಕೊಂಡಳು. “ಅದಿರ್ಲಿ, ನೀವೆಲ್ಲಿದೀರ ಈಗ?”

“ಇಲ್ಲೇ ಕಣೇ” ಎಂದೆ, “ಗಿರಣಿ ಹತ್ರ.”