ಮೇಡಮ್ಮನವರ ಎರಡು ಕಿಲೋ ಬ್ಲೂಬೆರಿ

ಎರಡನೇ ಶನಿವಾರ ಬೆಳಿಗ್ಗೆ ಎಂಟಕ್ಕೆ ಮೂಡಲಗಿ ಆಫೀಸಿನ ಸಾಹೇಬರ ಜೀಪಿನ ಡ್ರೈವರ್ ಘೋಡಗೇರಿಗೆ ಬಂದು, ಗುಮಾಸ್ತ ಮಾಲಿಂಗನ ಕೈಗೆ ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟು ಹೋದ. ಒಳಗೆ ಎರಡು ಕಿಲೋ ಬ್ಲೂಬೆರಿ ಹಣ್ಣು. ಕವಳಿ ಹಣ್ಣಿನಷ್ಟು ಗಾತ್ರ, ನೇರಳೆಯ ಬಣ್ಣ, ಮೈತುಂಬ ವಿಭೂತಿ ಬಳಿದುಕೊಂಡಂತೆ ತೆಳ್ಳನೆಯ ಬಿಳಿ ಹುಡಿ.

ಡಬ್ಬಿಯ ಬೆನ್ನಿಗೇ ಸಾಹೇಬರ ಹೆಂಡತಿಯ ಫೋನ್ ಬಂತು. ಹಣ್ಣನ್ನು ಅವರ ಅಣ್ಣ ಪುಣೆಯಿಂದ ತಂದಿದ್ದಂತೆ. ಡಿಸೆಂಬರಿನಲ್ಲಿ ಮಗಳು ರಜೆಗೆ ಬಂದಾಗ ಅವಳ ಹುಟ್ಟುಹಬ್ಬದ ಕೇಕಿಗೆ ಬೇಕಂತೆ. ತಮ್ಮ ಫ್ರಿಜ್ಜಿನಲ್ಲಿ ಜಾಗವಿಲ್ಲವಂತೆ. ಮಾಲಿಂಗನ ಹೆಂಡತಿ ವಿದ್ಯಾ ಐಸ್‌ಕ್ಯಾಂಡಿ ಮಾರಲು ಮನೆಯಲ್ಲಿ ದೊಡ್ಡ ಫ್ರೀಜರ್ ಇಟ್ಟಿದ್ದಾಳೆಂಬುದು ಆಫೀಸಿಗೆಲ್ಲ ಗೊತ್ತಿದ್ದ ಸಂಗತಿ. ಹಣ್ಣು ತೊಳೆಯಬಾರದು, ಬಿಳಿ ಹುಡಿ ಹೋದರೆ ಹಣ್ಣೇ ಹೋದಂತೆ, ತಾಟಿನಲ್ಲಿ ಒಂದಕ್ಕೊಂದು ತಾಗದ ಹಾಗೆ ಹರಡಿ, ಕಲ್ಲಿನಂತೆ ಗಟ್ಟಿಯಾದ ಮೇಲೆ ಚೀಲಕ್ಕೆ ತುಂಬಬೇಕು ಎಂದು ಮೇಡಂ ಮೂರು ಸಲ ಹೇಳಿದರು. ಸಂಜೆ ಐದಕ್ಕೆ ಸಂಕೇಶ್ವರದ ಮದುವೆಗೆ ಹೋಗುವ ದಾರಿಯಲ್ಲಿ ತಾವೂ ಸಾಹೇಬರೂ ಬಂದು ನೋಡುತ್ತೇವೆ ಎಂದರು.

ಬೇರೆ ದಿನವಾಗಿದ್ದರೆ ಮಾಲಿಂಗ ಇಷ್ಟು ಹೆದರುತ್ತಿರಲಿಲ್ಲ. ಮೂರು ವರ್ಷದಿಂದ ಅವನು ಬೆಳಿಗ್ಗೆ ಆರರ ಬಸ್ಸು ಹಿಡಿದು ಗೋಕಾಕಕ್ಕೆ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಮೂಡಲಗಿಗೆ ಹೋಗಿ, ಮಗಳು ಮಲಗಿದ ಮೇಲೆ ಮನೆ ಸೇರುತ್ತಿದ್ದ. ಎರಡೂವರೆ ವರ್ಷದ ಆ ಕೂಸು ಅವನನ್ನು ಕಾಕಾ ಎಂದು ಕರೆಯತೊಡಗಿತ್ತು. ಕೈಕಾಲು ಹಿಡಿದು ಹತ್ತಿರದ ಹುಕ್ಕೇರಿಗೆ ವರ್ಗ ಮಾಡಿಸಿಕೊಂಡಿದ್ದನೇನೋ ನಿಜ, ಆದರೆ ದೇವರು ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಸಾಹೇಬರು ಸಹಿ ಮಾಡಿ ಬಿಡುಗಡೆ ಪತ್ರ ಕೊಡಬೇಕು, ಸೋಮವಾರದೊಳಗೆ ಕೊಡದಿದ್ದರೆ ಆದೇಶವೇ ರದ್ದು. ಸಂಜೆ ಬರುವಾಗ ಪತ್ರ ತರುತ್ತೇನೆ ಎಂದು ಸಾಹೇಬರು ನಿನ್ನೆ ಬಾಯಿಬಿಟ್ಟು ಹೇಳಿದ್ದರು.

ವಿದ್ಯಾ ಮಗಳನ್ನು ಕರೆದುಕೊಂಡು ತುಕ್ಕಾನಟ್ಟಿಯ ತವರಿಗೆ ಹೋಗಿದ್ದಳು. ಹೋಗುವಾಗ ಫ್ರೀಜರ್ ಖಾಲಿ ಮಾಡಿ, ಆರಿಸಿ, ಒರೆಸಿಟ್ಟಿದ್ದಳು. ಮಾಲಿಂಗ ಅದನ್ನು ಚಾಲು ಮಾಡಿ, ಹಸುಗೂಸನ್ನು ಮಲಗಿಸಿದಂತೆ ಒಂದೊಂದೇ ಹಣ್ಣನ್ನು ತಾಟಿನಲ್ಲಿ ಜೋಡಿಸಿ ಒಳಗಿಟ್ಟ. ಒಂಬತ್ತಕ್ಕೆ ಸರಿಯಾಗಿ ಕರೆಂಟು ಹೋಯಿತು. ಕಂಬದ ತಂತಿ ಬದಲಿಸುತ್ತಿದ್ದಾರೆ, ಸಂಜೆ ಆರರವರೆಗೆ ಬರುವುದಿಲ್ಲ ಎಂದು ಬಾಜೂ ಮನೆಯ ಬೀರಸಿದ್ದಪ್ಪ ಕಾಕಾ ಕಟ್ಟೆಯ ಮೇಲೆ ಕೂತಲ್ಲಿಂದಲೇ ಸಾರಿದ. ಜೂನ್ ಬಂದಿದ್ದರೂ ಮಳೆಯ ಸುಳಿವಿರಲಿಲ್ಲ. ಮುಚ್ಚಿದ ಫ್ರೀಜರಿನೊಳಗೆ ಕೈಯಿಟ್ಟರೆ ಬೆವರುವಂತಿತ್ತು.

ಸಂಕೇಶ್ವರದಿಂದ ಬರ್ಫ ತರುವುದೊಂದೇ ದಾರಿ. ಮಾಲಿಂಗ ಬೈಕಿನ ಮೇಲೆ ಗೋಣಿಚೀಲ ಹಾಕಿಕೊಂಡು, ಅಡುಗೆಮನೆಯಲ್ಲಿದ್ದ ತಾಯಿ ಶೆಟ್ಟೆವ್ವನಿಗೆ ಅವಸರದಲ್ಲಿ ಹೇಳಿದ.

"ಯವ್ವಾ, ಸಾಹೇಬ್ರ ಹಣ್ಣು ಅದಾವು, ಥಂಡಿ ದಿನದ ತನಕಾ ಕೆಡಬಾರ್ದು. ನಾ ಬರೂತನಕ ನೀ ನೋಡ್ಕೋ."

ನೋಡ್ಕೋ ಎಂಬ ಮಾತಿಗೆ ಎರಡು ಅರ್ಥ ಇದೆಯೆಂದು ಅವನಿಗೆ ಆಗ ಹೊಳೆಯಲಿಲ್ಲ. ಸುಮ್ಮನೆ ಕಾಯುತ್ತ ಕೂಡುವುದು ಒಂದು, ಜವಾಬ್ದಾರಿ ಹೊತ್ತು ಮಾಡಿ ಮುಗಿಸುವುದು ಇನ್ನೊಂದು. ಶೆಟ್ಟೆವ್ವ ಹುಟ್ಟಿದಾಗಿನಿಂದ ಸುಮ್ಮನೆ ಕೂತವಳಲ್ಲ.

ಸಂಕೇಶ್ವರದ ಮೊದಲ ಬರ್ಫದ ಕಾರ್ಖಾನೆಯಲ್ಲಿ ಬರ್ಫವೆಲ್ಲ ಅದೇ ಮದುವೆಗೆ ಹೋಗಿತ್ತು. ಎರಡನೆಯ ಕಡೆ ಒಂದು ತಾಸು ಕಾದು ದೊಡ್ಡ ಗಡ್ಡೆ ಹೊರಿಸಿಕೊಂಡು ಬಂದ. ಗಡ್ಡೆ ದಾರಿಯುದ್ದಕ್ಕೂ ಅವನ ಪ್ಯಾಂಟಿನೊಳಗೆ ಹರಿದು, ಘೋಡಗೇರಿ ಮುಟ್ಟುವಾಗ ಬೆಲ್ಲದ ಪೆಂಟೆಯಷ್ಟು ಉಳಿದಿತ್ತು. ಹನ್ನೆರಡೂವರೆಗೆ ಫ್ರೀಜರಿನ ಬಾಗಿಲು ತೆರೆದರೆ ತಾಟು ಖಾಲಿ.

"ಯವ್ವಾ, ಹಣ್ಣ ಎಲ್ಲಿ?"

"ಮಾಳಗಿ ಮ್ಯಾಲ ಒಣಗಾಕತ್ತಾವು," ಎಂದಳು ಶೆಟ್ಟೆವ್ವ, ಮಗನ ಒದ್ದೆ ಪ್ಯಾಂಟನ್ನು ಒಂದು ಥರ ನೋಡುತ್ತ. "ಎಲ್ಲಾ ಹಣ್ಣಿಗೂ ಬೂಸರ ಬಂದಿತ್ತೊ ತಮ್ಮಾ. ಉಪ್ಪುನೀರಾಗ ತಿಕ್ಕಿ ತಿಕ್ಕಿ ತೊಳದ್ವಿ."

ಮಾಲಿಂಗ ನಿಚ್ಚಣಿಕೆ ಹತ್ತಿದ. ಮಾಳಿಗೆಯ ಮೇಲೆ ಹಳೇ ಧೋತರ ಹಾಸಿ, ಮೇಡಮ್ಮನವರ ಬ್ಲೂಬೆರಿಯನ್ನು ಸಾಲಾಗಿ ಹರವಿದ್ದರು. ಒಂದೊಂದು ಹಣ್ಣಿನ ಮೈಯಲ್ಲೂ ತೂತು. ತೂತಿಗೆ ಅಂಟಿಕೊಂಡು ಮೆಂತ್ಯದ ಪುಡಿ, ಜೀರಿಗೆ, ಹುಳಿ ಮಜ್ಜಿಗೆಯ ವಾಸನೆ. ಅಂದರೆ ಬೇಸಗೆಯಲ್ಲಿ ಹಸಿಮೆಣಸಿನಕಾಯಿಯನ್ನು ಸೀಳಿ, ಮಜ್ಜಿಗೆಯಲ್ಲಿ ನೆನೆಸಿ, ಒಣಗಿಸಿ ಬಾಳಕ ಮಾಡುತ್ತಾರಲ್ಲ, ಅದೇ ಉಪಚಾರ ಪುಣೆಯ ಹಣ್ಣಿಗೂ ಆಗಿತ್ತು. ಓಣಿಯ ಕಾಶೆವ್ವ ದಬ್ಬಣ ಹಿಡಿದು ಕೊನೆಯ ಹಿಡಿ ಹಣ್ಣುಗಳಿಗೆ ತೂತು ಹಾಕುತ್ತಿದ್ದಳು. ಸೀಳಿದರೆ ರಸ ಹೋಗುತ್ತದೆಂದು ಚುಚ್ಚುವ ಉಪಾಯ ತನ್ನದೇ ಎಂದು ಆಕೆ ಹೆಮ್ಮೆಯಿಂದ ತಿಳಿಸಿದಳು. ಮಾಲಿಂಗ ಅಲ್ಲೇ ಬಿಸಿ ಮಾಳಿಗೆಯ ಮೇಲೆ ಕೂತುಬಿಟ್ಟ. ಅವನಿಗೆ ಅಳು ಬಂದಿತ್ತು.

ತಾಯಿಗೆ ಅದರ ಪರಿವೆಯೇ ಇರಲಿಲ್ಲ. ಥಂಡಿಯವರೆಗೆ ಕೆಡಬಾರದು ಎಂದವನು ನೀನೇ, ಮಜ್ಜಿಗೆಯಲ್ಲಿ ಅದ್ದಿ ಒಣಗಿಸಿದ್ದು ಎಂದಾದರೂ ಕೆಟ್ಟದ್ದುಂಟೇ ಎಂದು ಕೆಳಗಿನಿಂದ ಕೇಳಿದಳು.

ಉಪಾಯ ಬೀರಸಿದ್ದಪ್ಪ ಕಾಕಾನ ಹತ್ತಿರ ಇತ್ತು. ಕೇಳದೆ ಸಲಹೆ ಕೊಡುವುದರಲ್ಲಿ ಅವನನ್ನು ಮೀರಿಸುವವರು ಹುಕ್ಕೇರಿ ತಾಲೂಕಿನಲ್ಲಿ ಇಲ್ಲ. ತನ್ನ ಹೊಲದ ಬದುವಿನಲ್ಲಿ ನಾಯಿನೇರಳೆ ಮರವಿದೆ, ಹಣ್ಣು ಇದೇ ಗಾತ್ರ, ಇದೇ ಬಣ್ಣ, ಡಿಸೆಂಬರಿನವರೆಗೆ ಯಾರು ಕಚ್ಚಿ ನೋಡುತ್ತಾರೆ ಎಂದ. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಮಾಲಿಂಗ ಉರಿಬಿಸಿಲಲ್ಲಿ ಮರ ಹತ್ತಿ, ಕೆಂಜಿಗ ಇರುವೆಗಳಿಂದ ಕಚ್ಚಿಸಿಕೊಂಡು ಎರಡು ಕಿಲೋ ನೇರಳೆ ಇಳಿಸಿದ. ಬಿಳಿ ಹುಡಿಗೆ ಏನು ಮಾಡುವುದು ಎಂದರೆ ಕಾಕಾ ಅಕ್ಕಿ ಹಿಟ್ಟು ಉದುರಿಸು ಎಂದ. ಉದುರಿಸಿ ತಾಟನ್ನು ಫ್ರೀಜರಿನೊಳಗೆ ಉಳಿದ ಬರ್ಫದ ಮೇಲಿಟ್ಟ. ಅಲ್ಲಿಯ ತಂಪಿಗೆ ಹಿಟ್ಟು ನೆನೆದು, ಹಣ್ಣುಗಳು ಸುಣ್ಣ ಬಳಿಸಿಕೊಂಡಂತಾದವು. ಒರೆಸಿ ಮತ್ತೆ ಹಚ್ಚಿ ಒಳಗಿಡುವಷ್ಟರಲ್ಲಿ ಬಾಗಿಲಲ್ಲಿ ಜೀಪು ನಿಂತಿತು.

ಸಾಹೇಬರ ಅಂಗಿಯ ಕಿಸೆಯಲ್ಲಿ ಉದ್ದನೆಯ ಲಕೋಟೆ ಕಾಣುತ್ತಿತ್ತು. ಮಾಲಿಂಗನ ಕಣ್ಣು ಅದರಿಂದ ಸರಿಯಲಿಲ್ಲ. ಕುರ್ಚಿ ಹಾಕುವಷ್ಟರಲ್ಲೇ ಮೇಡಂ ಸೀದಾ ಫ್ರೀಜರಿಗೆ ಹೋಗಿ ಬಾಗಿಲೆತ್ತಿದರು. ತಾಟಿನಿಂದ ಒಂದು ಹಣ್ಣು ಎತ್ತಿ ತಿರುಗಿಸಿ ನೋಡಿದರು. ಮೂಸಿದರು. ಆಮೇಲೆ ಬಾಯಿಗೆ ಹಾಕಿಕೊಂಡರು. ಕಟಕ್ ಎಂದಿತು.

"ಮಾಲಿಂಗ, ಬ್ಲೂಬೆರಿ ಒಳಗ ಇಷ್ಟ ದೊಡ್ಡ ಬೀಜ ಎಲ್ಲಿಂದ ಬಂತು?"

"ಕರೆಂಟ್ ಹೋಗಿತ್ರಿ ಮೇಡಂ," ಎಂದ ಮಾಲಿಂಗ.

ನಮ್ಮ ಕಡೆಯ ನೀರಿಗೆ ಕೆಲವು ಹಣ್ಣು ಬೀಜ ಕಟ್ಟುತ್ತವೆ ಎಂದು ಬೀರಸಿದ್ದಪ್ಪ ಕಾಕಾ ಬಾಗಿಲಿನಿಂದ ಹೇಳಿ ನೋಡಿದ. ಮೇಡಮ್ಮನವರ ನಾಲಗೆ ನೀಲಿಯಾಗಿತ್ತು, ಮುಖ ಕೆಂಪಗಾಗಿತ್ತು. ಸಾಹೇಬರು ಕಿಸೆಯ ಗುಂಡಿ ಹಾಕಿಕೊಂಡರು. ಮೂರು ವರ್ಷ ಕಾದದ್ದು ಒಂದು ಗುಂಡಿಯೊಳಗೆ ಮುಗಿಯಿತೆಂದು ಮಾಲಿಂಗನಿಗೆ ಅನಿಸಿತು.

ಅಷ್ಟರಲ್ಲಿ ಶೆಟ್ಟೆವ್ವ ಎರಡು ತಾಟು ಹಿಡಿದು ಹೊರಗೆ ಬಂದಳು. ಮನೆಗೆ ಬಂದವರು ಸಿಟ್ಟಿನಲ್ಲಿದ್ದರೂ ಉಪವಾಸ ಹೋಗಬಾರದೆಂಬುದು ಆಕೆಯ ಕಾಯದೆ. ಬಿಸಿ ಜೋಳದ ರೊಟ್ಟಿ, ಕೆನೆಮೊಸರು, ಬದಿಗೆ ಸಾಸಿವೆ ಬೆಳ್ಳುಳ್ಳಿ ಒಗ್ಗರಣೆಯಲ್ಲಿ ಬಾಡಿಸಿದ ಎಂಥದೋ ಕಪ್ಪನೆಯ ಗುಂಡುಗುಂಡು ವ್ಯಂಜನ. ಮುದುಕಿಯ ಮಾತು ಮೀರಲಾರದೆ ಮೇಡಂ ಒಂದು ತುತ್ತು ಮುರಿದರು. ಅಗಿಯುವುದನ್ನು ಅರ್ಧಕ್ಕೆ ನಿಲ್ಲಿಸಿದರು. ಮತ್ತೆ ಅಗಿದರು. ಇನ್ನೊಂದು ತುತ್ತು. ಸಾಹೇಬರಂತೂ ತಲೆ ಎತ್ತಲೇ ಇಲ್ಲ. ಇಬ್ಬರೂ ಸೇರಿ ಐದು ರೊಟ್ಟಿ ಮುಗಿಸಿದ ಮೇಲೆ, ಇದು ಯಾವ ಕಾಯಿ ಎಂದು ಮೇಡಂ ಕೇಳಿದರು.

ಮಾಲಿಂಗ ಕಣ್ಣು ಮುಚ್ಚಿಕೊಂಡ.

"ನಿಮ್ಮ ಹಣ್ಣ ಅದಾವಲ್ರಿ," ಎಂದಳು ಶೆಟ್ಟೆವ್ವ. "ಇನ್ನೂ ಎರಡ ಬಿಸಲ ಕಾಣಬೇಕ್ರಿ. ಆಮ್ಯಾಲ ಥಂಡಿ ದಿನಾ ಏನು, ಮುಂದಿನ ಬ್ಯಾಸಗಿ ತನಕಾ ಇರ್ತಾವು."

ಮೇಡಂ ಗಂಡನ ಮುಖ ನೋಡಿದರು, ಗಂಡ ಖಾಲಿ ತಾಟು ನೋಡಿದರು. ಮೊದಲು ನಕ್ಕವರು ಮೇಡಂ. ಕೇಕಿಗೆ ಚಾಕೊಲೇಟ್ ಹಾಕಿದರಾಯಿತು, ಇಂಥ ರುಚಿ ತಿಂದು ಎಷ್ಟು ವರ್ಷವಾಯಿತೋ ಎಂದರು. ಸಾಹೇಬರು ತೃಪ್ತಿಯಿಂದ ತೇಗಿ, ಕೈ ಒರೆಸಿಕೊಂಡು, ಕಿಸೆಯ ಗುಂಡಿ ಬಿಚ್ಚಿ ಲಕೋಟೆ ಹೊರತೆಗೆದು ಚಾಚಿದರು. ಮಾಲಿಂಗ ಪ್ರಸಾದಕ್ಕೆ ಒಡ್ಡಿದಂತೆ ಎರಡೂ ಕೈ ಒಡ್ಡಿ ಅದರ ತುದಿ ಹಿಡಿದ.

ಅದೇ ಹೊತ್ತಿಗೆ ಮೇಡಂ ಶೆಟ್ಟೆವ್ವನನ್ನು ಕೇಳುತ್ತಿದ್ದರು. ತಾವು ಹಣ್ಣು, ಕಾಯಿ ಕಳಿಸಿದರೆ ಹೀಗೇ ಮಾಡಿ ಕೊಡಲಾದೀತೇ, ಆದರೆ ಇಷ್ಟು ದೂರದಿಂದ ವಾರವಾರ ತರುವವರು ಯಾರು ಎಂದು.

"ಅದಕ್ಕೇನ್ರಿ," ಎಂದಳು ಶೆಟ್ಟೆವ್ವ ಸಂತೋಷದಿಂದ. "ನಮ್ಮ ಮಾಲಿಂಗ ದಿನಾ ಮೂಡಲಗಿಗೆ ಬರ್ತಾನಲ್ರಿ. ಅಂವನ ಕೈಯಾಗ ಕಳಸ್ತೇನಿ."

ಮೇಡಂ ಸಾಹೇಬರ ಕಡೆ ಒಂದು ನೋಟ ನೋಡಿದರು. ಲಕೋಟೆಯ ಒಂದು ತುದಿ ಮಾಲಿಂಗನ ಬೆರಳಲ್ಲಿತ್ತು, ಇನ್ನೊಂದು ತುದಿ ಸಾಹೇಬರ ಕೈಯಲ್ಲಿ ಗಟ್ಟಿಯಾಯಿತು.

"ಬಿಡು ಮಾಲಿಂಗ," ಎಂದರು ಸಾಹೇಬರು ಪ್ರೀತಿಯಿಂದ. "ನಿನ್ನಂಥಾಂವನ್ನ ನಾ ಹ್ಯಾಂಗ ಬಿಡ್ಲಿ?"