ಎಡಗಡೆಯ ಬಾಕ್ಸು

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹಿರಿಯರು ಹೇಳಿದ್ದಾರೆ. ಆ ಮಾತನ್ನು ತಲೆಬಾಗಿ ಒಪ್ಪಿಕೊಂಡೇ ಐವತ್ತು ದಾಟಿದವನು ನಾನು. ಆದರೆ ಮೋಟಾರ್ ಸೈಕಲ್ ಮೇಲೆ ಕಾಲು ಎಷ್ಟು ಚಾಚಬೇಕು ಅನ್ನುವುದನ್ನು ಯಾವ ಹಿರಿಯರೂ ಹೇಳಿಲ್ಲ. ಹೇಳಿದ್ದರೆ ಇಷ್ಟೆಲ್ಲ ಪಡಿಪಾಟಲು ಇರುತ್ತಿರಲಿಲ್ಲ. ಇನ್ನೊಂದನ್ನೂ ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನನ್ನ ಗಾಡಿಯ ಬಗ್ಗೆ ನನಗೆ ಜಂಬ ಇದೆ. ಕೆಲವರು ಹೊಸ ಮನೆ ಕಟ್ಟಿಸಿ, ಬಂದವರನ್ನೆಲ್ಲ ದೇವರಮನೆಯಿಂದ ಬಚ್ಚಲಮನೆಯವರೆಗೆ ಸುತ್ತಾಡಿಸುವುದಿಲ್ಲವೆ? ಹಾಗೆ ನಾನು ದಾವಣಗೆರೆ ವಿದ್ಯಾನಗರದ ನಮ್ಮ ಮನೆಗೆ ಬಂದವರನ್ನು ಚಹಾ ಕೊಡುವ ಮೊದಲೇ ಗಾಡಿಯ ಹತ್ತಿರ ಕರೆದೊಯ್ಯುತ್ತೇನೆ.

ದೂರ ಪ್ರಯಾಣಕ್ಕೆಂದೇ ಮಾಡಿದ ಎತ್ತರದ ಗಾಡಿ ಅದು. ಕಾಲೇಜಿನಲ್ಲಿ ಕಾಮರ್ಸ್ ಪಾಠ ಹೇಳುವವನಿಗೆ ಅದು ಯಾಕೆ ಬೇಕಿತ್ತು ಅಂತ ಕೇಳಬೇಡಿ, ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರೂ ಕೇಳಿ ಮುಗಿಸಿದ್ದಾರೆ. ನನ್ನದು ಒಂದೇ ಆಸೆ. ಹೆಂಡತಿ ಗಿರಿಜಾಳನ್ನು ಹಿಂದೆ ಕೂರಿಸಿಕೊಂಡು ಕಾರವಾರದ ಸಮುದ್ರದವರೆಗೆ ಹೋಗಬೇಕು. ಒಬ್ಬನೇ ಹೋಗಿ ಸಮುದ್ರ ನೋಡಿ ಬರುವುದರಲ್ಲಿ ಏನಿದೆ? "ಅಲ್ನೋಡು" ಅನ್ನುವುದಕ್ಕಾದರೂ ಪಕ್ಕದಲ್ಲಿ ಒಬ್ಬರು ಬೇಕಲ್ಲ. ಆದರೆ ಗಾಡಿ ಬಂದ ದಿನ ಒಂದು ಸುತ್ತು ಹೋಗಿ ಇಳಿದವಳೇ ಅವಳು ಸೊಂಟ ಹಿಡಿದುಕೊಂಡು ಹೇಳಿದಳು: "ಬೆನ್ನಿಗೆ ಆಸರೆ ಇಲ್ಲ, ಕಾಲಿಗೆ ನೆಲೆ ಇಲ್ಲ, ಕೈಯಾಗೆ ಬ್ಯಾಗು ಬ್ಯಾರೆ. ನೀವು ಗಾಡ್ಯಾಗೆ ಹೋಗ್ರಿ, ನಾನು ಬಸ್ಸಿಗೆ ಬರ್ತೀನಿ."

ದೂರು ಮೂರು, ಪರಿಹಾರವೂ ಮೂರು ಇರಲೇಬೇಕು ಅಂದುಕೊಂಡು ಗಾಡಿ ಸಾಮಾನಿನ ಅಂಗಡಿಗೆ ಹೋದೆ. ಅಂಗಡಿಯವರು ಬೇಡ ಅನ್ನುವ ಮಾತನ್ನೇ ಕಲಿಯದ ಮನುಷ್ಯ. ನಾನೂ ಅಂಥವನೇ ಆದ್ದರಿಂದ ಇಬ್ಬರಿಗೂ ಚೆನ್ನಾಗಿ ಹೊಂದಿತು. ಎಡಕ್ಕೊಂದು ಬಲಕ್ಕೊಂದು ದೊಡ್ಡ ಬಾಕ್ಸು, ಸೀಟಿನ ಹಿಂದೆ ಇನ್ನೊಂದು, ಅದಕ್ಕೆ ಬೆನ್ನು ಕೊಡಲು ಮೆತ್ತೆ, ಹಿಂದೆ ಕೂತವರಿಗೆ ಅಗಲವಾದ ಫುಟ್‌ರೆಸ್ಟು ಬಂದವು. ನನಗೂ ಇರಲಿ ಅಂತ ಇಂಜಿನ್ ಮುಂದಿನ ಕಬ್ಬಿಣದ ಗಾರ್ಡಿಗೆ ಕಾಲು ಚಾಚುವ ಫುಟ್‌ರೆಸ್ಟು ಹಾಕಿಸಿದೆ. ಎಡಗಡೆಯ ಬಾಕ್ಸು ಕೂರಿಸುವಾಗ ಸೀರೆ ಗಾರ್ಡು ಅಡ್ಡ ಬಂತು. "ಇದು ಬೇಕೇನ್ರಿ ಸಾರ್?" ಅಂತ ಕೇಳಿದರು. "ತೆಗೀರಿ, ತೆಗೀರಿ, ಟೂರಿಂಗ್ ಗಾಡಿಗೆ ಅದ್ಯಾಕೆ?" ಅಂದೆ. ಅವರು ಅದನ್ನು ಬಿಚ್ಚಿ, ಅದರ ಜೊತೆಗಿದ್ದ ಹೆಂಗಸರ ಪಾದದ ಹಲಗೆಯನ್ನೂ ಬಿಚ್ಚಿ, ಹಿಂದಿನ ಬಾಕ್ಸಿನೊಳಗೆ ಹಾಕಿಕೊಟ್ಟರು.

ಮರುದಿನ ಬೆಳಿಗ್ಗೆ ಗಾಡಿಯನ್ನು ಮೊದಲು ಮೆಚ್ಚಿದವನು ಕೊಂಡಜ್ಜಿ ಹಳ್ಳಿಯಿಂದ ಹಾಲು ತರುವ ಬಸಣ್ಣ. ಅವನ ಗಾಡಿಗೂ ಎರಡೂ ಕಡೆ ಕ್ಯಾನುಗಳು. ನನ್ನದರ ಸುತ್ತ ಒಂದು ಸುತ್ತು ಬಂದು, "ಒಂದೊಂದು ಎಷ್ಟು ಲೀಟರ್ ಹಿಡಿತೈತ್ರಿ ಸಾರ್?" ಅಂದ. ಇಂಥ ಬಾಕ್ಸುಗಳನ್ನು ಅಳೆಯುವುದೂ ಲೀಟರಿನಲ್ಲೇ ಅಂತ ನನಗೆ ಆಗಷ್ಟೇ ಗೊತ್ತಾಗಿತ್ತು. "ಮೂವತ್ತು" ಅಂದೆ, ಹೆಮ್ಮೆಯಿಂದ. "ಮುಚ್ಚಳ ಭರ್ಜರಿ ಐತೆ ಬಿಡ್ರಿ. ಯಾವ ಏರಿಯಾಕ್ಕೆ ಹಾಕ್ತೀರಿ?" ಅಂದ. ಬೇರೆಯವರಾಗಿದ್ದರೆ ಮುನಿಸಿಕೊಳ್ಳುತ್ತಿದ್ದರು. ನಾನು ಮುಚ್ಚಳದ ಮಾತನ್ನಷ್ಟೇ ಇಟ್ಟುಕೊಂಡೆ.

ಗಿರಿಜಾಳಿಗೆ ಒಂದು ಮಾತು ಕೊಟ್ಟೆ. ಭಾನುವಾರ ಹರಿಹರಕ್ಕೆ, ಅವಳ ತಮ್ಮ ಮಲ್ಲೇಶನ ಮನೆಗೆ ಹೋಗಿ ಬರೋಣ. ನಿನಗೆ ಹಿತ ಅನಿಸದಿದ್ದರೆ ಕಾರವಾರದ ಸುದ್ದಿಯನ್ನೇ ಇನ್ನು ಎತ್ತುವುದಿಲ್ಲ. ಅವಳು ಒಪ್ಪಿದಳು. ಭಾನುವಾರ ಒಳ್ಳೆಯ ಸೀರೆ ಉಟ್ಟು ಹೊರಗೆ ಬಂದಳು, ಗಾಡಿಯ ಎಡಕ್ಕೆ ಹೋದಳು, ನಿಂತಳು. "ಕಾಲು ಎಲ್ಲಿ ಇಡ್ಲಿ?" ಅಂದಳು.

ಮದುವೆಯಾದಾಗಿನಿಂದ ಅವಳು ನನ್ನ ಹಿಂದೆ ಒಂದೇ ಕಡೆ ಕಾಲು ಹಾಕಿ ಕೂತವಳು. ಬಾಕ್ಸಿನ ಉದ್ದ ಅಗಲ ಅಳೆದ ನನಗೆ, ಹೆಂಡತಿಯ ಕಾಲು ಯಾವ ಕಡೆ ಇರುತ್ತವೆ ಅನ್ನುವುದೇ ಹೊಳೆದಿರಲಿಲ್ಲ. "ಚೂಡಿದಾರ ಹಾಕ್ಕೊಂಡು ಬಾ, ಎರಡೂ ಕಡೆ ಕಾಲು ಹಾಕಿ ಕೂತ್ಕೊ" ಅಂದೆ. "ತವರಿಗೆ ಹೊಂಟೀನ್ರಿ. ಚೂಡಿದಾರ ಹಾಕ್ಕಂಡ್ರೆ ಉಡಿ ಎದ್ರಾಗೆ ತುಂಬಿಸ್ಕಳ್ಳಿ, ನಿಮ್ ಬಾಕ್ಸಿನಾಗೇನು?" ಅಂದಳು. ತವರಿನಿಂದ ಹೊರಡುವ ಹೆಣ್ಣುಮಗಳಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ ಉಡಿ ತುಂಬುವಾಗ ಸೆರಗೊಡ್ಡಬೇಕು. ಅದಕ್ಕೆ ಯಾವ ಕಂಪನಿಯೂ ಬದಲಿ ಸಾಮಾನು ಮಾಡಿಲ್ಲ.

ಹೀಗಾಗಿ ಅವಳು ಬಸ್ಸಿಗೆ ಹೋದಳು, ನಾನು ಬಸ್ಸಿನ ಹಿಂದೆ ಹೋದೆ. ತವರಿಗೆಂದು ತಂದ ಮಂಡಕ್ಕಿ, ಬಾಳೆಹಣ್ಣು ನನ್ನ ಬಾಕ್ಸುಗಳಲ್ಲಿ ಸುಖವಾಗಿ ಕೂತಿದ್ದವು. ಮುಂದಿನ ಫುಟ್‌ರೆಸ್ಟಿನ ಮೇಲೆ ಕಾಲು ಚಾಚಿದೆ. ಸುಳ್ಳು ಯಾಕೆ ಹೇಳಲಿ, ಬಹಳ ಹಿತವಾಗಿತ್ತು. ಆದರೆ ಹಿಂದಿನ ಸೀಟು ಖಾಲಿ ಇತ್ತು, ಮನಸ್ಸಿಗೆ ಕಸಿವಿಸಿಯಾಯಿತು. ಹರಿಹರದಲ್ಲಿ ಬಸ್ಸು ನಿಲ್ದಾಣಕ್ಕೆ ತಿರುಗಿತು, ನಾನು ಮೊದಲೇ ಮನೆ ಮುಟ್ಟಿದೆ. ಮಲ್ಲೇಶ, "ಯಾಕ ಭಾವ, ಅಕ್ಕ ಎಲ್ಲಿ?" ಅಂದ. "ಬಸ್ಸಿನಾಗೆ ಬರ್ತಾಳೆ" ಅಂದೆ. ಅವನು ಗಾಡಿಯನ್ನು ಮೇಲಿಂದ ಕೆಳಗೆ ನೋಡಿ, "ಇಷ್ಟು ದೊಡ್ಡ ಗಾಡ್ಯಾಗೆ ಜಾಗ ಇರ್ಲಿಲ್ವ?" ಅಂದ.

ಊಟವಾದ ಮೇಲೆ ಗಿರಿಜಾ ತಾನಾಗಿಯೇ ಅಂಗಳಕ್ಕೆ ಬಂದಳು. ಮೆತ್ತೆಯನ್ನು ಒತ್ತಿ ನೋಡಿದಳು. "ಆಸರೆ ಚೆನ್ನಾಗೈತೆ. ಎಡಗಡೇದು ಬಿಚ್ಚಿಬಿಡ್ರಿ." ನಾನು ಬಾಕ್ಸಿಗೆ ಅಡ್ಡ ನಿಂತೆ. "ಒಂದೇ ಕಡೆ ಬಾಕ್ಸಿದ್ರೆ ಬ್ಯಾಲೆನ್ಸ್ ಹೋಗ್ತೈತೆ!" ಅಂದೆ. "ಇನ್ನೊಂದು ಕಡೆ ನನ್ನ ಕಾಲು ಇರ್ತಾವಲ್ರೀ" ಅಂದಳು. ಮಲ್ಲೇಶ ಟ್ರ್ಯಾಕ್ಟರಿನ ಪಾನಾ ತಂದ. ಒಳಗೆ ಅವಳಿಗೆ ಉಡಿ ತುಂಬುವ ಹೊತ್ತಿಗೆ ಹೊರಗೆ ನಾವಿಬ್ಬರೂ ಎಡಗಡೆಯ ಬಾಕ್ಸು, ಅದರ ಕಂಬಿ ಎಲ್ಲ ಬಿಚ್ಚಿ, ಸೀರೆ ಗಾರ್ಡನ್ನೂ ಪಾದದ ಹಲಗೆಯನ್ನೂ ಮತ್ತೆ ಕೂರಿಸಿದೆವು. ಬಲಗಡೆಯ ಬಾಕ್ಸಿಗೆ ಮಲ್ಲೇಶನ ಹೆಂಡತಿ ಶೇಂಗಾ ಚಟ್ನಿಪುಡಿ, ತೆಂಗಿನಕಾಯಿ ತುಂಬಿದಳು.

ಗಿರಿಜಾ ಎಡಗೈಯನ್ನು ಮೆತ್ತೆಯ ಮೇಲೆ ಊರಿ, ಬಲಗೈಯನ್ನು ನನ್ನ ಹೆಗಲ ಮೇಲಿಟ್ಟು ಕೂತಳು. ನಾನು ಹುರುಪಿನಿಂದ ಕಾಲು ಚಾಚಿದೆ. ಹೆಗಲಿಗೆ ಒಂದು ಪೆಟ್ಟು ಬಿತ್ತು. "ಊರು ದಾಟೋತನಕ ಕಾಲು ಒಳಗೆ ತಗಳ್ರಿ. ಅಳಿಯ ಕಾಲು ಚಾಚ್ಕಂಡು ಹೊಂಟ ಅಂತಾರೆ ಮಂದಿ." ಆಮೇಲೆ ದಾವಣಗೆರೆವರೆಗೂ, ಹಿತವಾಯಿತೆ ಅಂತ ಕೇಳುವ ಧೈರ್ಯ ನನಗಾಗಲಿಲ್ಲ. ಮನೆ ಮುಂದೆ ಇಳಿದು ಹೆಲ್ಮೆಟ್ ಬಿಚ್ಚುತ್ತ ಅವಳೇ ಕೇಳಿದಳು: "ಕಾರವಾರದಾಗೆ ಮೀನಿಲ್ಲದ ಊಟ ಸಿಗ್ತೈತೇನ್ರಿ?"

ಆ ಸಂತೋಷ ಇನ್ನೂ ಇಳಿದಿಲ್ಲ. ಡಿಸೆಂಬರ್ ರಜೆಗೆ ಹೊರಡುತ್ತೇವೆ. ಮಲ್ಲೇಶ ಆಮೇಲೆ ತಂದುಕೊಟ್ಟ ಎಡಗಡೆಯ ಬಾಕ್ಸು ಈಗ ನಮ್ಮ ಅಡುಗೆಮನೆಯಲ್ಲಿದೆ, ಅದರಲ್ಲಿ ಮಂಡಕ್ಕಿ ಇದೆ. ಗಾಳಿಯಾಡದ ಮುಚ್ಚಳ ನೋಡಿ, ಮೆತ್ತಗಾಗುವ ಮಾತೇ ಇಲ್ಲ. ಬಂದವರಿಗೆ ಮೊದಲು ಅಂಗಳದಲ್ಲಿ ಗಾಡಿ ತೋರಿಸಿ, ಆಮೇಲೆ ಒಳಗೆ ಕರೆದು ಅದರ ಉಳಿದ ಭಾಗವನ್ನೂ ತೋರಿಸುತ್ತೇನೆ. "ಆಹಾ, ಮಂಡಕ್ಕಿ ಏನು ಗರಿಗರಿ ಐತ್ರಿ!" ಅನ್ನುತ್ತಾರೆ. "ಅದು ಬಾಕ್ಸಿನ ಗುಣ" ಅಂತ ನಾನು ಎದೆಯುಬ್ಬಿಸಿ ಹೇಳುತ್ತೇನೆ. ಅಷ್ಟರಲ್ಲಿ ಅವರು ಗಿರಿಜಾಳ ಕಡೆ ತಿರುಗಿ, ಒಗ್ಗರಣೆಗೆ ಏನು ಹಾಕಿದ್ದೀರಿ ಅಂತ ಕೇಳುತ್ತಿರುತ್ತಾರೆ.