ಅಕ್ರೋಟ ಕಟ್ಟಿಗೆಯ ನಾಲ್ಕು ಗುಣ

ಬಡಿಗನ ಅಂಗಡಿಗೆ ಜನ ಕುರ್ಚಿ, ಕಪಾಟು ಮಾಡಿಸಲಿಕ್ಕೆ ಬರುತ್ತಾರೆಂದು ನೀವು ತಿಳಿದಿದ್ದರೆ ಅದು ಅರ್ಧ ಮಾತ್ರ ಖರೆ. ಉಳಿದರ್ಧ ಜನ ಬರುವುದು ನನ್ನ ತಲೆ ಕೆಡಿಸಲಿಕ್ಕೆ. ಶಿಗ್ಗಾಂವಿಯಲ್ಲಿ ಅಂಗಡಿ ಹಾಕಿದಾಗಿನಿಂದ ಇಂಥವು ನಡೆಯುತ್ತಲೇ ಇವೆ. ಅದರಲ್ಲೂ ಅಕ್ರೋಟ ಕಟ್ಟಿಗೆಯ ವಿಷಯ ಬಂದರೆ ನನ್ನ ಹಣೆಬರಹ ಕೇಳಬೇಡಿ.

ನಾನು ಕೆಲಸ ಕಲಿತದ್ದು ಸವಣೂರಿನ ಒಬ್ಬ ಉಸ್ತಾದರ ಕೈಯಲ್ಲಿ. ತೇಗ, ಬೀಟೆ, ಹಲಸು ಎಲ್ಲ ಮುಗಿದ ಮೇಲೆ ಅವರು ಅಕ್ರೋಟಕ್ಕೆ ಬರುತ್ತಿದ್ದರು. ನಾವು ಒಡೆದು ತಿನ್ನುವ ಅಕ್ರೋಟದ ಮರವೇ ಅದು, ಈಗಿನವರ ಬಾಯಲ್ಲಿ ವಾಲ್‌ನಟ್. ಹೆಬ್ಬೆರಳೊಂದು ಬಿಟ್ಟು ನಾಲ್ಕು ಬೆರಳು ಮಡಚಿ ಅದರ ನಾಲ್ಕು ಗುಣ ಹೇಳುತ್ತಿದ್ದರು. ಒಂದು, ಬಣ್ಣ ಬಳಿಯುವುದೇ ಬೇಡ, ಒಳಗಿನಿಂದಲೇ ಕಡುಗಂದು. ಎರಡು, ಮೈ ನಯ ಮಾಡಲಿಕ್ಕೆ ರಂದಾ ಹೊಡೆದರೆ ಹಟ ಮಾಡುವುದಿಲ್ಲ, ಕಟ್ಟಿಗೆಯ ಸುರುಳಿ ತುಂಡಾಗದೆ ಬರುತ್ತದೆ. ಮೂರು, ಒಮ್ಮೆ ಕೊಟ್ಟ ಆಕಾರ ಬಿಡುವುದಿಲ್ಲ, ಅದಕ್ಕೇ ಬಂದೂಕಿನ ಹಿಡಿಗೆ ಅದೇ ಬೇಕು. ನಾಲ್ಕು, ಹಲಸು ವಯಸ್ಸಾದಂತೆ ಕಪ್ಪಾದರೆ ಇದು ಬೆಳ್ಳಗಾಗುತ್ತದೆ, ಮನುಷ್ಯರ ತಲೆಯ ಹಾಗೆ.

ಕಣ್ಣು ಮಂಜಾಗಿ ಅವರು ಕೆಲಸ ಬಿಟ್ಟ ಮೇಲೆ ಒಂದು ದಿನ ಕೇಳಿದೆ. "ಉಸ್ತಾದ್ರ, ನೀವು ಅಕ್ರೋಟದ ಕೆಲಸ ಎಲ್ಲಿ ಮಾಡಿದ್ರಿ?"

"ಎಲ್ಲೂ ಇಲ್ಲಪಾ. ಕಣ್ಣಿಲೆ ಕಂಡಿಲ್ಲ. ನಮ್ಮ ಉಸ್ತಾದ್ ನನಗ ಹೇಳಿದ್ರು, ನಾ ನಿನಗ ಹೇಳಿದೆ. ಒಮ್ಮೆ ಅದರ ಮ್ಯಾಲೆ ರಂದಾ ಓಡಿಸಬೇಕು ಅನ್ನೋದೊಂದು ಆಸೆ ಉಳದೈತಿ ನೋಡು."

ಆ ಮಾತು ನನ್ನ ಎದೆಯಲ್ಲಿ ಕೂತುಬಿಟ್ಟಿತು. ಅವತ್ತಿನಿಂದ ಅಕ್ರೋಟ ಹುಡುಕುವುದೇ ನನ್ನ ಹುಚ್ಚಾಯಿತು.

೧. ಎರಡು ಕೈ ಜಾಸ್ತಿ

ಹಿರೇಕೆರೂರಿನಿಂದ ಒಬ್ಬ ನಿವೃತ್ತ ಮಾಸ್ತರರು ಬಂದು ಮೊಬೈಲಿನಲ್ಲಿ ಒಂದು ಕಪಾಟು ತೋರಿಸಿದರು. "ಇಂಥಾದ್ದ ಬೇಕ್ರಿ, ವಾಲ್‌ನಟ್."

ನನಗೆ ಸ್ವರ್ಗ ಮೂರೇ ಗೇಣು. ಇವರ ಕಪಾಟಿಗೆಂದು ಕಟ್ಟಿಗೆ ತರಿಸಿದರೆ ಉಸ್ತಾದರಿಗೆ ಒಂದು ತುಂಡಾದರೂ ಉಳಿದೀತು. "ಖರೇ ವಾಲ್‌ನಟ್ಟ ಬೇಕೇನ್ರಿ?" ಎಂದೆ.

"ಖರೇದ್ದ ಬೇಕು. ಎರಡು ಕೈ ಜಾಸ್ತಿ ಹಚ್ಚರಿ, ಬಣ್ಣ ಗಟ್ಟಿಯಾಗಿ ಕೂಡಲಿ."

ವಾಲ್‌ನಟ್ ಅನ್ನುವುದು ಡಬ್ಬಿಯಲ್ಲಿ ಬರುವ ಬಣ್ಣವಲ್ಲ, ಅದೊಂದು ಮರ ಎಂದು ಕಾಲು ತಾಸು ಬಿಡಿಸಿ ಹೇಳಿದೆ. ಮಾಸ್ತರರು ಮೊಬೈಲಿನ ಚಿತ್ರವನ್ನು ದೊಡ್ಡದು ಮಾಡಿ, ಸಣ್ಣದು ಮಾಡಿ ನೋಡಿದರು.

"ಮರಕ್ಕೂ ಇದ ಹೆಸರು ಇಟ್ಟಾರ ಅಂದ್ರ, ಈ ಬಣ್ಣ ಎಷ್ಟ ಫೇಮಸ್ ಆಗೇತಿ ನೋಡ್ರಿ," ಎಂದರು.

೨. ಕಾಶ್ಮೀರದ ಮಂಚ

ಹಾನಗಲ್ಲಿನ ಒಬ್ಬ ವಕೀಲರ ಮನೆಯಲ್ಲಿ ಅಕ್ರೋಟದ ಮಂಚವಿದೆ, ಅವರ ಅಜ್ಜ ಕಾಶ್ಮೀರದಿಂದ ತರಿಸಿದ್ದು, ಒಂದು ಕಾಲು ಸಡಿಲಾಗಿದೆ ಎಂದು ಕರೆ ಬಂತು. ಅಂಗಡಿಗೆ ಕೀಲಿ ಹಾಕಿ, ಸವಣೂರಿಗೆ ಹೋಗಿ ಉಸ್ತಾದರನ್ನು ಕರೆದುಕೊಂಡು ಬಸ್ ಹತ್ತಿದೆ. ಅವರು ಹೊಸ ಜುಬ್ಬಾ ಹಾಕಿಕೊಂಡಿದ್ದರು.

ಮಂಚ ಕಪ್ಪಗೆ ಮಿರಮಿರ ಮಿಂಚುತ್ತಿತ್ತು. ಉಸ್ತಾದರು ಬಹಳ ಹೊತ್ತು ಅದರ ಮೇಲೆ ಅಂಗೈ ಆಡಿಸಿದರು. ನಾನು ಬಗ್ಗಿ, ಸಡಿಲಾದ ಕಾಲಿನ ಅಡಿಯಲ್ಲಿ ಉಳಿಯಿಂದ ಸ್ವಲ್ಪ ಕೆರೆದೆ. ಒಳಗೆ ಹಳದಿ.

ಅಷ್ಟರಲ್ಲಿ ವಕೀಲರ ತಾಯಿ ನೀರು ತಂದರು. "ಅದೇನು ನೋಡ್ತೀರಿ, ನಮ್ಮ ಹಿತ್ತಲದ ಮಾವಿನ ಗಿಡದ್ದದ. ನಾ ಮದುವ್ಯಾಗಿ ಬಂದ ವರ್ಷ ಗಾಳಿಗೆ ಬಿತ್ತು. ಉಪ್ಪಿನಕಾಯಿಗೆ ಭಾಳ ಛಲೋ ಇತ್ತು."

"ಅಲ್ಲವಾ, ಅಜ್ಜಾರು ಕಾಶ್ಮೀರದ್ದು ಅಂತಿದ್ರಲ್ಲ?" ಎಂದರು ವಕೀಲರು.

"ಅಂತಿದ್ರಪ್ಪ. ಅವರು ಹುಬ್ಬಳ್ಳಿ ದಾಟಿ ಹೋದವರಲ್ಲ."

ಆ ತಾಯಿ ಪಾಪ, ಉಸ್ತಾದರ ಮುಖ ನೋಡಿ ಒಂದು ಡಬ್ಬಿ ಉಪ್ಪಿನಕಾಯಿ ಕಟ್ಟಿಕೊಟ್ಟರು. ತಿರುಗಿ ಬರುವಾಗ ಉಸ್ತಾದರು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. "ಬ್ಯಾಸರ ಮಾಡ್ಕೋಬ್ಯಾಡಪಾ," ಎಂದರು. "ಅಕ್ರೋಟಕ್ಕ ಹೋದವರು ಯಾರು ಉಪ್ಪಿನಕಾಯಿ ತಂದಾರ?"

೩. ಅತ್ತೆಯ ಅಭಿಪ್ರಾಯ

ಕೊನೆಗೆ ಹುಬ್ಬಳ್ಳಿಯ ಕಟ್ಟಿಗೆ ಅಡ್ಡೆಯವನೊಬ್ಬ ನನ್ನ ಕಾಟ ತಾಳಲಾರದೆ ಯಾವುದೋ ದೊಡ್ಡ ಮನೆಯ ಕೆಲಸದಲ್ಲಿ ಉಳಿದ ಒಂದು ಹಲಗೆ ಕೊಟ್ಟ. ಎರಡು ಅಡಿ ಉದ್ದ, ಗೇಣಗಲ, ಒಂದು ಅಂಗುಲ ದಪ್ಪ. ಖರೇ ಅಕ್ರೋಟ. ಉಸ್ತಾದರು ಒಮ್ಮೆ ರಂದಾ ಓಡಿಸಲಿ, ಆಮೇಲೆ ಅದರಲ್ಲೇ ಅವರಿಗೆ ಕುರಾನ್ ಇಟ್ಟು ಓದುವ ರೇಹಲ್ ಮಾಡಿಕೊಡಬೇಕು ಎಂದು ನನ್ನ ಲೆಕ್ಕ. ಒಂದೇ ಹಲಗೆಯನ್ನು ಸೀಳಿ, ಮಡಚುವ ಹಾಗೆ ಮಾಡುವ ಆ ಕೆಲಸ ಕಲಿಸಿದ್ದು ಅವರೇ.

ಹಲಗೆಯನ್ನು ಮನೆಯಲ್ಲಿ ಮಂಚದ ಕೆಳಗಿಟ್ಟಿದ್ದೆ. ಮರುದಿನ ಸಂಜೆ ಬಂದು ನೋಡಿದರೆ, ಅತ್ತೆಯವರು ಅದರ ಮೇಲೆ ಕೂತು ಮೆಂತ್ಯೆಪಲ್ಲೆ ಸೋಸುತ್ತಿದ್ದಾರೆ. ಸಿಟ್ಟು ನುಂಗಿಕೊಂಡು ನಾಲ್ಕೂ ಗುಣಗಳನ್ನು ಬೆರಳು ಮಡಚಿ ವಿವರಿಸಿದೆ. ಅವರು ಎಲ್ಲ ಕೇಳಿದರು, ಎದ್ದೇಳಲಿಲ್ಲ.

"ಅದೆಲ್ಲ ನನಗ ತಿಳಿಯೂದಿಲ್ರಿ ಅಳಿಯಂದ್ರ," ಎಂದರು. "ಕುಂತ್ರ ತಂಪೈತಿ."

೪. ಸವಣೂರಿನ ಭಾನುವಾರ

ಭಾನುವಾರ ಬೆಳಿಗ್ಗೆ ಹಲಗೆ ಹಿಡಿದು ಸವಣೂರಿಗೆ ಹೋದೆ. ಉಸ್ತಾದರ ಹಳೆಯ ಕೆಲಸದ ಮೇಜಿನ ಮೇಲೆ ಅದನ್ನು ಬಿಗಿದು, ಅವರದೇ ರಂದಾ ಅವರ ಕೈಗೆ ಕೊಟ್ಟೆ. ಮೊದಲು ಮೂಸಿದರು. ಆಮೇಲೆ ಒಂದೇ ಉಸಿರಿಗೆ ಈ ತುದಿಯಿಂದ ಆ ತುದಿಗೆ ಓಡಿಸಿದರು. ಉದ್ದನೆಯ ಸುರುಳಿ ತುಂಡಾಗದೆ ಬಂತು. ಅದನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದರು.

"ಅಲ್ಲೋ," ಎಂದರು, "ನಾ ಹೇಳಿದ್ದೆಲ್ಲ ಖರೇನ ಐತಲ್ಲೋ."

ಅಷ್ಟು ವರ್ಷ ನಮಗೆ ಕಲಿಸಿದ್ದನ್ನು ಅವರೇ ನಂಬಿರಲಿಲ್ಲವೇನೋ. ನನ್ನ ಕಣ್ಣು ತುಂಬಿ ಬಂತು.

"ಇನ್ನೊಂದು ಸಲ," ಎಂದರು. ಹೊಡೆದರು. ಮತ್ತೊಂದು ಸಲ. ನನಗೂ ತಡೆಯಲಾಗಲಿಲ್ಲ, "ಉಸ್ತಾದ್ರ, ನನಗೊಂದು" ಎಂದೆ. ಅವರೊಂದು, ನಾನೊಂದು. ಜೀವನವೆಲ್ಲ ಹತ್ತು ಸಲ ಅಳತೆ ಮಾಡು ಎಂದು ಕಲಿಸಿದ ಗುರು, ಕಲಿತ ಶಿಷ್ಯ, ಇಬ್ಬರಿಗೂ ಆ ದಿನ ಅಳತೆಪಟ್ಟಿ ನೆನಪಾಗಲಿಲ್ಲ. ಮಧ್ಯಾಹ್ನದ ಆಜಾನ್ ಕೇಳಿ ಕೈ ನಿಲ್ಲಿಸಿ ನೋಡಿದರೆ, ಅಂಗುಲ ದಪ್ಪದ ಹಲಗೆ ಬಿಸ್ಕೀಟಿನಷ್ಟು ಉಳಿದಿತ್ತು. ರೇಹಲ್ ಮಾತು ಮುಗಿದೇ ಹೋಯಿತು.

ಉಸ್ತಾದರ ಹೆಂಡತಿ ಚಾಚಿ ಹೊರಗೆ ಬಂದರು. "ಮುಂಜಾನಿಂದ ಇಬ್ರೂ ಏನ ಮಾಡಾಕತ್ತೀರಿ?"

"ಅಕ್ರೋಟದ ಕೆಲಸ," ಎಂದರು ಉಸ್ತಾದರು, ಎದೆಯುಬ್ಬಿಸಿ.

ಮಾಡಿದ್ದು ಎಲ್ಲಿದೆ ಎಂದು ಚಾಚಿ ಸುತ್ತಲೂ ನೋಡಿದರು. ಮೊಣಕಾಲೆತ್ತರದ ಸುರುಳಿಯ ರಾಶಿ ಬಿಟ್ಟರೆ ಏನೂ ಕಾಣಲಿಲ್ಲ. ಅದನ್ನೇ ಸೆರಗಿನ ತುಂಬ ಬಾಚಿಕೊಂಡು ಒಳಗೆ ಹೋದರು. ತಡೆಯುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ.

ಅಂದು ಉಳಿದ ತೆಳು ಹಲಗೆ ಈಗ ನನ್ನ ಅಂಗಡಿಯ ಕಿಟಕಿಯಲ್ಲಿದೆ. ಬಿಸಿಲು ಬಿದ್ದು ಬಿದ್ದು ಈಚೆಗೆ ಬೆಳ್ಳಗಾಗತೊಡಗಿದೆ. ನಾಲ್ಕನೆಯ ಗುಣವೂ ಖರೇ ಐತಿ ಉಸ್ತಾದ್ರ, ಎಂದು ಹೇಳೋಣವೆಂದರೆ ಅವರಿಲ್ಲ. ಹೇಳಲಿಕ್ಕೆ ದಿನಾ ಬಾಯಿಗೆ ಬರುತ್ತದೆ.

ಆ ಭಾನುವಾರ ಚಹಾ ಬಂದದ್ದು ಮಾತ್ರ ಎಂದೂ ಇಲ್ಲದಷ್ಟು ಬೇಗ. ಸುಡುಸುಡು ಚಹಾ. ಉಸ್ತಾದರು ಒಂದು ಗುಟುಕು ಕುಡಿದರು, ಒಲೆಯ ಕಡೆ ಕಿವಿಗೊಟ್ಟು ಚಟಚಟ ಸಪ್ಪಳ ಕೇಳಿಸಿಕೊಂಡರು. ಆಮೇಲೆ, ಅಷ್ಟು ವರ್ಷ ಬಿಟ್ಟಿದ್ದ ಹೆಬ್ಬೆರಳನ್ನು ನಿಧಾನವಾಗಿ ಮಡಚಿದರು.

"ಐದನೇದು," ಎಂದರು. "ಭಾಳ ಛಲೋ ಉರೀತೈತಿ."